ಬಿರುಗಾಳಿ ತೋರಿಸುತ್ತಿದ್ದ ಅಣ್ಣ

ಹೋದ ವಾರ ನಮ್ಮ ಪಕ್ಕದ ಮನೆಯನ್ನು ಕೆಡವಿದರು. ಎರಡು ದಿನ ಕಿಟಕಿ ಬಾಗಿಲು ಮುಚ್ಚಿಕೊಂಡೇ ಇದ್ದೆವು. ಮೂರನೆಯ ದಿನ ಬೆಳಿಗ್ಗೆ ಮಹಡಿಯ ಮೇಲೆ ಬಿದ್ದಿದ್ದ ಧೂಳನ್ನು ಗುಡಿಸಲು ಹೋದವಳು, ಒಂದು ತೆಳ್ಳನೆಯ ಹತ್ತಿ ಟವೆಲನ್ನು ನೀರಿನಲ್ಲಿ ಅದ್ದಿ ಹಿಂಡಿ ಮೂಗಿಗೆ ಕಟ್ಟಿಕೊಂಡೆ. ಒದ್ದೆ ಬಟ್ಟೆಯ ಮೇಲೆ ಧೂಳು ಕೂತರೆ ಅದಕ್ಕೊಂದು ವಾಸನೆ ಇರುತ್ತದೆ. ಸುಣ್ಣದ್ದೂ ಅಲ್ಲ, ಮಣ್ಣಿನದ್ದೂ ಅಲ್ಲ... ನಾಲಿಗೆಯ ಹಿಂಬದಿಗೆ ತಾಗುವಂಥದ್ದು. ಪೊರಕೆ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.

ಅಂಥ ಟವೆಲಿಗೆ ಅಣ್ಣ ಬೈರಾಸು ಎನ್ನುತ್ತಿದ್ದರು. ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ನಾನು ಆ ಪದವನ್ನು ಮೊದಲು ಕೇಳಿದ್ದು ಬಹ್ರೇನಿನಲ್ಲಿ, ಅವರ ಬಾಯಲ್ಲಿ. ಅವರ ಜೀಪಿನ ಹಿಂದಿನ ಸೀಟಿನ ಕೆಳಗೆ ಮುಚ್ಚಳವಿದ್ದ ಒಂದು ಪ್ಲಾಸ್ಟಿಕ್ ಬಕೆಟ್ ಇರುತ್ತಿತ್ತು. ಅದರೊಳಗೆ ಒದ್ದೆ ಮಾಡಿ, ಹಿಂಡಿ, ಮಡಿಚಿಟ್ಟ ಹತ್ತು ಬೈರಾಸು. ಗಾಳಿ ನೋಡಲು ಹೊರಟವರಿಗೆ ಮೊದಲು ಅವನ್ನೇ ಹಂಚುತ್ತಿದ್ದರು. ಆಮೇಲೆ ಮಾತು.

ನಾನು ಬಹ್ರೇನಿಗೆ ಹೋದದ್ದು ಮದುವೆಯಾದ ವರ್ಷ, ಎರಡು ಸಾವಿರದ ಏಳು ಎಂಟರ ಸುಮಾರಿಗೆ. ನನ್ನ ಗಂಡನಿಗೆ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಜಿಂಜ್ ಎಂಬ ಬಡಾವಣೆಯಲ್ಲಿ ಎರಡನೆಯ ಮಹಡಿಯ ಮನೆ. ಮಗು ಹುಟ್ಟಿ, ಅತ್ತೆ ಬಂದು ಜೊತೆಗಿದ್ದ ಮೇಲೆ ನಾನೂ ಒಂದು ಕೆಲಸ ಹುಡುಕಿಕೊಂಡೆ. ಗುಫೂಲ್‌ನಲ್ಲಿ ಒಂದು ಸಣ್ಣ ಟೂರ್ ಆಫೀಸು. ಹೋಟೆಲುಗಳಿಗೆ ಬರುವ ವಿದೇಶದವರನ್ನು ಕೋಟೆ, ಎಣ್ಣೆ ಬಾವಿ, ಒಂಟೆ ಸಾಕುವ ಜಾಗ, ಮರಳಿನ ನಡುವೆ ಒಂಟಿಯಾಗಿ ನಿಂತ ಹಳೆಯ ಮರ, ಇಷ್ಟನ್ನು ತೋರಿಸಿ ಸಂಜೆಯೊಳಗೆ ವಾಪಸು ಬಿಡುವುದು ನಮ್ಮ ವ್ಯವಹಾರ. ಮುಂಬೈ ಕಡೆಯ ಒಬ್ಬ ಮ್ಯಾನೇಜರ್, ಫೋನು ಮತ್ತು ಕಂಪ್ಯೂಟರ್ ನೋಡಿಕೊಳ್ಳಲು ನಾನು, ಮೂವರು ಡ್ರೈವರುಗಳು. ಆ ಮೂವರಲ್ಲಿ ಹಿರಿಯರು ಅವರು.

ಮೂಲ್ಕಿ ಹತ್ತಿರದ ಕಡಲ ತೀರದ ಊರಿನವರು. ಮನೆ ಮಾತು ತುಳು. ನನ್ನ ಜೊತೆ ಅವರ ಕಡೆಯ ಕನ್ನಡ ಆಡುತ್ತಿದ್ದರು. ಆಗಲೇ ಐವತ್ತು ದಾಟಿತ್ತು. ಬಹ್ರೇನಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಎಡಗೈಯ ಕಿರುಬೆರಳು ಅರ್ಧ ಇರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಪೊಲೀಸರ ಜೊತೆ, ಗೇಟು ಕಾಯುವವರ ಜೊತೆ ಮ್ಯಾನೇಜರಿಗಿಂತ ಸಲೀಸಾಗಿ ಅರಬ್ಬಿ ಮಾತಾಡುತ್ತಿದ್ದರು. ಇಂಗ್ಲಿಷ್ ಮಾತ್ರ ಓದಲು ಬರುತ್ತಿರಲಿಲ್ಲ. ನಾನು ಅಣ್ಣ ಎನ್ನುತ್ತಿದ್ದೆ. ಅವರು ಮೊದಲ ತಿಂಗಳು ಮೇಡಂ ಎಂದರು, ಆಮೇಲೆ ತಂಗಿ. ಕೊನೆಯವರೆಗೂ ನೀವು ಎಂದೇ ಕರೆದರು.

ಬಿರುಗಾಳಿ ತೋರಿಸುವ ಕೆಲಸ ಶುರುವಾದದ್ದು ಅಕಸ್ಮಾತ್ತಾಗಿ. ಒಂದು ಮಾರ್ಚ್‌ನಲ್ಲಿ ಗಂಡ ಹೆಂಡತಿ ಇಬ್ಬರನ್ನು ಮರ ನೋಡಲು ಕರೆದುಕೊಂಡು ಹೋಗಿದ್ದಾಗ, ಸೌದಿಯ ಕಡೆಯಿಂದ ಧೂಳಿನ ಗೋಡೆಯೊಂದು ಎದ್ದು ಬಂತು. ಅವರಿಬ್ಬರೂ ಬೈಯುತ್ತಾರೆಂದು ನಾವು ಹೆದರಿಕೊಂಡಿದ್ದೆವು. ಆದರೆ ಕೂದಲು, ಹುಬ್ಬು ಎಲ್ಲ ಹಳದಿಯಾಗಿ ಬಂದ ಆ ಜೋಡಿಗೆ ಖುಷಿಯೋ ಖುಷಿ. ಊರಿಗೆ ಹೋಗಿ ಫೋಟೋಗಳನ್ನು ಅಂತರ್ಜಾಲದಲ್ಲಿ ಹಾಕಿದರು. ನಮಗೂ ಇಂಥದ್ದು ತೋರಿಸುತ್ತೀರಾ ಎಂದು ಕೇಳಿ ಬೇರೆಯವರಿಂದ ಈಮೇಲ್ ಬರಲು ಶುರುವಾಯಿತು. ಬೇರೆ ದೇಶಗಳಲ್ಲಿ ಬಿರುಗಾಳಿಯ ಬೆನ್ನು ಹತ್ತಿ ಹೋಗುವುದೇ ಒಂದು ಪ್ರವಾಸ ಎಂದು ನಮಗೆ ಗೊತ್ತಾದದ್ದು ಆಗ. ಮ್ಯಾನೇಜರ್ ನನ್ನನ್ನು ಕರೆದು ನಮ್ಮ ವೆಬ್‌ಸೈಟಿಗೆ ಒಂದು ಹೊಸ ಪುಟ ಬರೆಯಲು ಹೇಳಿದರು.

ಬರೆದೆ. ಚೆನ್ನಾಗಿಯೇ ಬರೆದೆ. ಅಣ್ಣ ಒಂದು ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು, "ತಂಗಿ, ಇದರಲ್ಲಿ ಎಂತ ಬರ್ದದ್ದು? ಒಮ್ಮೆ ಓದಿ ಹೇಳಿ," ಎಂದರು. ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಬಿರುಗಾಳಿಯ ಎದುರು ನಿಂತು ನೋಡಿ ಎನ್ನುವ ಸಾಲು ಬಂದಾಗ ಕೈ ಅಡ್ಡ ಹಿಡಿದರು.

"ಎದುರು ಅಂತ ಯಾಕೆ? ಗಾಳಿಗೆ ಎದುರು ಯಾರು ನಿಲ್ತಾರೆ? ಬದಿ ಅಂತ ಬರೀರಿ. ಬದಿಯಿಂದ ನೋಡುವುದು, ನೋಡಿ ಆದ ಕೂಡ್ಲೇ ಬರುವುದು."

ಬದಿ ಎಂದರೆ ಯಾರೂ ಬರಲ್ಲ ಅಣ್ಣ ಎಂದು ನಾನು ನಕ್ಕೆ. ಅವರೂ ನಕ್ಕರು. "ನಮ್ಮಲ್ಲಿ ಗಾಳಿ ಬಂದ್ರೆ ದೋಣಿ ಮೇಲೆ ಎಳೀತಾರೆ. ಇಲ್ಲಿ ಜನ ಜೀಪು ಹತ್ತಿ ಅದರ ಹತ್ರ ಹೋಗ್ತಾರೆ. ಎಂತ ಹೇಳುವುದು ಮಾರಾಯ್ರೆ..." ಪುಟದಲ್ಲಿ ಎದುರು ಎಂದೇ ಉಳಿಯಿತು.

ಪುಟ ನನ್ನದಾದರೂ ನಿಯಮಗಳು ಅವರವು. ಅವರು ಹೇಳುತ್ತ ಹೋದರು, ನಾನು ಇಂಗ್ಲಿಷಿನಲ್ಲಿ ಬರೆದು ಆಫೀಸಿನ ಗೋಡೆಗೆ ಅಂಟಿಸಿದೆ. ಡಾಂಬರು ರಸ್ತೆ ಯಾವಾಗಲೂ ಬೆನ್ನ ಹಿಂದೆ ಹತ್ತಿರದಲ್ಲೇ ಇರಬೇಕು. ಮೊದಲ ತಣ್ಣನೆಯ ಗಾಳಿ ಮುಖಕ್ಕೆ ಬಡಿದ ಕೂಡಲೇ ಎಲ್ಲರೂ ಜೀಪಿನೊಳಗೆ. ಗುಡುಗು ಕೇಳಿದರೆ ಯಾರೂ ಇಳಿಯುವಂತಿಲ್ಲ. ಇಳಿಜಾರಿನಲ್ಲಿ ಗಾಡಿ ಇಳಿಸುವಂತಿಲ್ಲ. ಇನ್ನೊಂದನ್ನು ಅವರು ನನ್ನಿಂದ ಎರಡು ಸಲ ಓದಿಸಿದ್ದರು: ಧೂಳಿನೊಳಗೆ ಸಿಕ್ಕಿಕೊಂಡರೆ ರಸ್ತೆಯಿಂದ ದೂರ ಸರಿದು ನಿಲ್ಲಿಸಿ, ಎಲ್ಲ ದೀಪ ಆರಿಸಿ, ಬ್ರೇಕಿನ ಮೇಲಿಂದ ಕಾಲು ತೆಗೆಯಬೇಕು. ದೀಪ ಯಾಕೆ ಆರಿಸಬೇಕು ಎಂದು ಕೇಳಿದ್ದೆ. ಹಿಂದಿನವರು ಕೆಂಪು ದೀಪ ನೋಡಿ ಅಲ್ಲಿ ರಸ್ತೆ ಇದೆ ಎಂದುಕೊಂಡು ನೇರ ಬಂದು ಗುದ್ದುತ್ತಾರೆ ಎಂದರು.

ಅವರು ಎಷ್ಟೋ ಸಲ ಹೋಗುವುದೇ ಬೇಡ ಎಂದುಬಿಡುತ್ತಿದ್ದರು. ಹೋಟೆಲಿನ ಬಾಗಿಲಿನಲ್ಲಿ ಜನ ಕ್ಯಾಮೆರಾ ಹಿಡಿದು ನಿಂತಿರುತ್ತಿದ್ದರು. ಅಣ್ಣ ಆಕಾಶ ನೋಡಿ, "ಇವತ್ತು ಹೋಗ್ಲಿಕ್ಕಿಲ್ಲ," ಎನ್ನುತ್ತಿದ್ದರು. ಅವರು ಹೇಳಿದ್ದನ್ನು ಅತಿಥಿಗಳಿಗೆ ತಿಳಿಸಿ ಸಮಾಧಾನ ಮಾಡುವ ಕೆಲಸ ನನ್ನದು. ಮ್ಯಾನೇಜರಿಗೆ ಅದು ಸರಿಬರುತ್ತಿರಲಿಲ್ಲ. ಆದರೆ ಉಳಿದ ಇಬ್ಬರು ಡ್ರೈವರುಗಳು ಗಾಳಿಗೆ ಹೋಗಲು ಒಪ್ಪುತ್ತಿರಲಿಲ್ಲವಾದ್ದರಿಂದ ಸುಮ್ಮನಿರುತ್ತಿದ್ದರು.

ಅತಿಥಿಗಳ ಜೊತೆ ಮಾತಾಡಲು ನಾನೂ ನಾಲ್ಕೈದು ಸಲ ಹೋಗಿದ್ದೆ. ನಿಜ ಹೇಳಬೇಕೆಂದರೆ ನನಗೂ ಇಷ್ಟವಾಗುತ್ತಿತ್ತು. ದ್ವೀಪದ ದಕ್ಷಿಣದಲ್ಲಿ, ಒಂಟೆ ದೊಡ್ಡಿಗಳೆಲ್ಲ ಮುಗಿದ ಮೇಲೆ, ಸ್ವಲ್ಪ ಎತ್ತರದ ಜಾಗಗಳಿವೆ. ಅಲ್ಲಿ ನಿಂತರೆ ವಾಯುವ್ಯದಲ್ಲಿ ಮೊದಲು ಕಂದು ಬಣ್ಣದ ಒಂದು ಗೆರೆ ಕಾಣುತ್ತದೆ. ಅದು ಗೆರೆಯೋ ಬೆಟ್ಟವೋ ಎಂದು ತಿಳಿಯುವುದರೊಳಗೆ ಎತ್ತರವಾಗುತ್ತದೆ. ತುದಿ ಕಿತ್ತಳೆ, ಬುಡ ಕಪ್ಪು. ಅದು ಹತ್ತಿರವಾಗುತ್ತಿದ್ದಂತೆ ಸುತ್ತಲಿನ ಸದ್ದೆಲ್ಲ ನಿಂತುಹೋಗುತ್ತದೆ... ಎಲ್ಲರೂ ಪಿಸುಮಾತಿನಲ್ಲಿ ಮಾತಾಡುತ್ತಾರೆ. ಆಗ ನನ್ನ ಮೈ ಜುಮ್ಮೆನ್ನುತ್ತಿತ್ತು. ಮನೆಗೆ ಹೋಗಿ ಅತ್ತೆಗೆ ವರ್ಣಿಸುತ್ತಿದ್ದೆ. ಅಣ್ಣ ಮಾತ್ರ ಆ ಹೊತ್ತಿನಲ್ಲಿ ಗೋಡೆಯನ್ನು ನೋಡುತ್ತಿರಲಿಲ್ಲ. ಕೈಗಡಿಯಾರ ನೋಡುತ್ತಿದ್ದರು, ಜೀಪಿನ ಬಾಗಿಲು ನೋಡುತ್ತಿದ್ದರು.

ಈ ಪ್ರವಾಸ ಶುರುವಾದ ಮೂರನೆಯ ವರ್ಷದ ಮಾರ್ಚ್. ಶುಕ್ರವಾರ, ಮಧ್ಯಾಹ್ನ ಮೂರೂವರೆ ಇರಬಹುದು. ನಾಲ್ಕು ಜನ ಅತಿಥಿಗಳು. ಯುರೋಪಿನ ಒಬ್ಬ ವಯಸ್ಸಾದ ಹೆಂಗಸು, ಅವರ ಮಗ, ಮತ್ತು ಮಗನ ಇಬ್ಬರು ಸ್ನೇಹಿತರು. ಆ ಹೆಂಗಸಿಗೆ ಎಪ್ಪತ್ತರ ಹತ್ತಿರ. ಬಿರುಗಾಳಿ ನೋಡಬೇಕೆಂದು ಬಹಳ ದಿನದಿಂದ ಆಸೆಯಿತ್ತಂತೆ. ಮಗ ಅಮ್ಮನಿಗೆ ಕೊಟ್ಟ ಉಡುಗೊರೆ ಆ ಪ್ರವಾಸ. ಎತ್ತರದ ಜಾಗದಲ್ಲಿ ಜೀಪು ನಿಲ್ಲಿಸಿ ಬೈರಾಸು ಹಂಚಿ ಆಗಿತ್ತು. ಗೋಡೆ ಎದ್ದಿತ್ತು. ನಾನು ನೋಡಿದ್ದರಲ್ಲೆಲ್ಲ ದೊಡ್ಡದು.

ಕೆಳಗೆ ಬಯಲಿನಲ್ಲಿ ಕೆಲವು ಜನ ಇದ್ದರು. ಪೈಪು ಹಾಕಲು ಉದ್ದಕ್ಕೆ ಕಾಲುವೆ ಅಗೆಯುತ್ತಿದ್ದ ಕೂಲಿಯವರು. ನಾಲ್ಕು ಡ್ರಮ್ಮುಗಳಲ್ಲಿ ಸಿಮೆಂಟು ಹಾಕಿ ಕಬ್ಬಿಣದ ಕಂಬ ನಿಲ್ಲಿಸಿ, ಮೇಲೊಂದು ಟಾರ್ಪಾಲು ಕಟ್ಟಿಕೊಂಡಿದ್ದರು. ಅಷ್ಟೇ ಅವರ ನೆರಳು. ಸುತ್ತ ಗಾಡಿ ಯಾವುದೂ ಇರಲಿಲ್ಲ. ಅತಿಥಿಗಳಲ್ಲಿ ಒಬ್ಬರು ಅವರನ್ನು ತೋರಿಸಿ, ಆ ಸಣ್ಣ ಮನುಷ್ಯರು ಚಿತ್ರದಲ್ಲಿ ಇದ್ದರೆ ಗೋಡೆ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ ಎಂದರು. ಎಲ್ಲರೂ ಕ್ಯಾಮೆರಾ ಆ ಕಡೆ ತಿರುಗಿಸಿದರು. ನಾನೂ ನೋಡಿದೆ. ಹೌದು, ಗೊತ್ತಾಗುತ್ತದೆ ಎಂದು ನನಗೂ ಅನ್ನಿಸಿತು. ಅದಕ್ಕಿಂತ ಹೆಚ್ಚಿಗೆ ಏನೂ ಅನ್ನಿಸಲಿಲ್ಲ. ಅದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಅಣ್ಣ ಬಂದು ನನ್ನ ಪಕ್ಕ ನಿಂತರು. "ಅಲ್ಲಿ ಜನ ಉಂಟು," ಎಂದರು.

"ಹೌದಣ್ಣ. ಅವರ ಬಸ್ಸು ಬರತ್ತೇನೋ."

"ಎಲ್ಲಿಂದ ಬರುವುದು? ರಸ್ತೆಯಲ್ಲಿ ಎಂತದೂ ಕಾಣುದಿಲ್ಲ." ಅವರು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಹಿಂದಿಯಲ್ಲಿ ಕೂಗಿದರು. ಕೇಳಿಸುವ ದೂರವಲ್ಲ ಅದು. ಕೆಳಗಿದ್ದವರು ಟಾರ್ಪಾಲಿನ ಕೆಳಗೆ ಸೇರುತ್ತಿದ್ದರು. "ಹತ್ತು ನಿಮಿಷ ಸಿಕ್ಕಿದ್ರೆ ಹೆಚ್ಚು. ಕೆಳಗೆ ಹೋಗಿ ಅವರನ್ನು ಹತ್ತಿಸುವ. ಇವರ ಹತ್ರ ಹೇಳಿ."

ನಾನು ಅತಿಥಿಗಳಿಗೆ ಹೇಳಿದೆ. ಹೇಳುವಾಗ ನನ್ನ ಅಭ್ಯಾಸದಂತೆ ಮೆತ್ತಗೆ ಮಾಡಿ, ನಿಮ್ಮ ಅಭ್ಯಂತರವಿಲ್ಲದಿದ್ದರೆ ಎಂದು ಸೇರಿಸಿ ಕೇಳಿದೆ. ಮಗ ಅಮ್ಮನ ಕಡೆ ನೋಡಿ, ಇಳಿಜಾರಿನಲ್ಲಿ ಹೋಗುವುದಿಲ್ಲ ಎಂದು ನಿಮ್ಮ ನಿಯಮದಲ್ಲೇ ಇದೆಯಲ್ಲ ಎಂದ. ಅವರ ಕಂಪನಿಯವರು ಬರುವುದಿಲ್ಲವೇ ಎಂದ. ಅಮ್ಮನಿಗೆ ವಯಸ್ಸಾಗಿದೆ ಎಂದ. ಅವನು ಹೇಳಿದ್ದರಲ್ಲಿ ತಪ್ಪು ಯಾವುದೂ ಇರಲಿಲ್ಲ. ನಾನು ಅಣ್ಣನ ಕಡೆ ತಿರುಗಿ, ಅವರು ಬೇಡ ಅಂತಿದ್ದಾರೆ ಎಂದೆ.

"ಕೇಳ್ಲಿಕ್ಕೆ ನಾನು ಹೇಳಿದ್ದಲ್ಲ ತಂಗಿ, ತಿಳಿಸ್ಲಿಕ್ಕೆ ಹೇಳಿದ್ದು. ಎಲ್ಲರೂ ಹತ್ತಿ."

ಅವರ ದನಿ ಏರಿರಲಿಲ್ಲ. ಎಲ್ಲರೂ ಹತ್ತಿದರು. ಅಲ್ಲಿ ಒಬ್ಬರೇ ಉಳಿಯುವಂತಿರಲಿಲ್ಲವಲ್ಲ. ಜೀಪು ರಸ್ತೆ ಬಿಟ್ಟು ಕಲ್ಲಿನ ಇಳಿಜಾರಿಗೆ ಇಳಿಯಿತು. ಎರಡು ಸಲ ಅಡ್ಡಕ್ಕೆ ಜಾರಿತು. ಎರಡನೆಯ ಸಲ ಆ ಹೆಂಗಸಿನ ಕೈ ಬಾಗಿಲಿಗೂ ಕ್ಯಾಮೆರಾಕ್ಕೂ ನಡುವೆ ಸಿಕ್ಕಿತು. ಅವರು ಕೂಗಿಕೊಂಡದ್ದು ಒಂದೇ ಸಲ. ಮಣಿಕಟ್ಟಿನ ಹತ್ತಿರ ಕೈ ಬೇರೆಯೇ ಕಡೆಗೆ ತಿರುಗಿದ್ದು ನನಗೆ ಕಂಡಿತು. ಅಣ್ಣ ಕನ್ನಡಿಯಲ್ಲಿ ನೋಡಿದರು, ಆದರೆ ನಿಲ್ಲಿಸಲಿಲ್ಲ.

ಟಾರ್ಪಾಲಿನ ಕೆಳಗೆ ಎಂಟು ಜನ ಇದ್ದರು. ಬಂಗಾಳದವರೋ ಬಿಹಾರದವರೋ, ಸರಿಯಾಗಿ ಗೊತ್ತಾಗಲಿಲ್ಲ. ಅವರಲ್ಲೊಬ್ಬ, ಕಾಲುವೆಯೊಳಗೆ ಮಲಗಿಕೊಳ್ಳುತ್ತೇವೆ, ನೀವು ಹೋಗಿ ಎಂದ. ಅಣ್ಣ ಅವನ ರಟ್ಟೆ ಹಿಡಿದು ಒಳಗೆ ತಳ್ಳಿದರು. ಎಂಟು ಸೀಟಿನ ಗಾಡಿಯಲ್ಲಿ ಹದಿನಾಲ್ಕು ಜನ. ಸಾಮಾನು ಇಡುವ ಜಾಗದಲ್ಲಿ ನಾಲ್ಕು, ಸೀಟುಗಳ ನಡುವೆ ನಾಲ್ಕು. ಕೊನೆಯ ಬಾಗಿಲು ಹಾಕುವಾಗ ತಣ್ಣನೆಯ ಗಾಳಿ ಬಂತು. ಆಮೇಲೆ ಒಮ್ಮೆಲೇ ಬೆಳಕು ಹೋಯಿತು.

ದೀಪ ಆರಿಸಿ ಕೂತೆವು. ಮೊದಲು ಇಟ್ಟಿಗೆ ಬಣ್ಣ, ಆಮೇಲೆ ಕಪ್ಪು. ಕಲ್ಲಿನ ಚೂರುಗಳು ಗಾಜಿಗೆ ಬಡಿಯುತ್ತಿದ್ದವು. ಗಾಡಿ ತೊಟ್ಟಿಲಿನ ಹಾಗೆ ಆಡುತ್ತಿತ್ತು. ಅಣ್ಣ ಉಳಿದ ಬೈರಾಸುಗಳನ್ನು ಹರಿದು ಎರಡೆರಡು ಮಾಡಿ ಹಿಂದಕ್ಕೆ ದಾಟಿಸಿದರು. ಒಂದನ್ನು ಇಟ್ಟುಕೊಂಡು, ನಕ್ಷೆಯ ಪುಸ್ತಕವನ್ನು ಅಡ್ಡ ಹಿಡಿದು ಆ ಹೆಂಗಸಿನ ಕೈಗೆ ಕಟ್ಟಿದರು. ಕಟ್ಟುವಾಗ ತಮ್ಮ ಹರುಕು ಇಂಗ್ಲಿಷಿನಲ್ಲಿ ಸಾರಿ ಎಂದು ಮೂರು ನಾಲ್ಕು ಸಲ ಹೇಳಿದರು. ಆಕೆ ಬಿಳಿಚಿಕೊಂಡಿದ್ದರು. ಅವರೆಲ್ಲ ಒಳಗೆ ಬಂದರಾ ಎಂದು ನನ್ನನ್ನು ಕೇಳಿದರು. ಬಂದರು ಎಂದೆ. ನನ್ನ ಕಾಲಿನ ಮೇಲೆ ಒಬ್ಬ ಕೂಲಿಯವನ ಬೆನ್ನು ಒರಗಿತ್ತು. ಅದು ನಡುಗುತ್ತಿತ್ತು. ನನ್ನ ಕಾಲು ಜೋಮು ಹಿಡಿದು, ಕೊನೆಗೆ ಅದೂ ಗೊತ್ತಾಗುತ್ತಿರಲಿಲ್ಲ... ಮುಕ್ಕಾಲು ಗಂಟೆ ಹಾಗೆ ಇದ್ದೆವೆಂದು ಆಮೇಲೆ ತಿಳಿಯಿತು.

ಗಾಳಿ ನಿಂತಾಗ ಟಾರ್ಪಾಲು ಇರಲಿಲ್ಲ. ಡ್ರಮ್ಮುಗಳು ಉರುಳಿದ್ದವು. ಕಾಲುವೆಯಲ್ಲಿ ಮೊಣಕಾಲಿನಷ್ಟು ಮರಳು ತುಂಬಿತ್ತು. ಒಂದು ಕಂಬ, ಬುಡದ ಸಿಮೆಂಟಿನ ಸಮೇತ, ಆ ಕಾಲುವೆಯೊಳಗೆ ಉದ್ದಕ್ಕೆ ಬಿದ್ದಿತ್ತು. ಕೂಲಿಯವರು ಅದನ್ನು ನೋಡುತ್ತ ನಿಂತರು. ನಾನೂ ನೋಡಿದೆ. ಅವರನ್ನು ರಸ್ತೆಯವರೆಗೆ ಬಿಟ್ಟೆವು. ಅವರ ಬಸ್ಸು ದಾರಿಯಲ್ಲಿ ಸಿಕ್ಕಿಕೊಂಡಿದ್ದು, ಆಗ ಬಂತು. ನಾವು ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆವು. ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿತ್ತು.

ದೂರು ಕೊಟ್ಟದ್ದು ಆಕೆಯಲ್ಲ, ಮಗ. ಮೊದಲು ಹೋಟೆಲಿಗೆ, ಆಮೇಲೆ ನಮ್ಮ ಆಫೀಸಿಗೆ. ಹೋಟೆಲಿನವರು ಇನ್ನು ಅತಿಥಿಗಳನ್ನು ಕಳಿಸುವುದಿಲ್ಲ ಎಂದರು. ಎರಡು ದಿನ ಬಿಟ್ಟು ಮ್ಯಾನೇಜರ್ ನನ್ನನ್ನು ಕೂರಿಸಿಕೊಂಡು, ಆಫೀಸಿನ ಕಡೆಯಿಂದ ಅವರ ಜೊತೆ ಜೀಪಿನಲ್ಲಿದ್ದದ್ದು ನೀನೊಬ್ಬಳೇ, ನಡೆದದ್ದನ್ನು ಬರೆದು ಸಹಿ ಮಾಡಿ ಕೊಡು ಎಂದರು. ಸುಳ್ಳು ಬರೆಯಲು ಅವರು ಹೇಳಲಿಲ್ಲ. ಇಳಿಜಾರಿನಲ್ಲಿ ಇಳಿಯಬಾರದೆಂಬ ನಿಯಮ ಇತ್ತೇ? ಇತ್ತು. ಅತಿಥಿಗಳು ಬೇಡ ಎಂದರೇ? ಎಂದರು. ಆದರೂ ಹೋದರೇ? ಹೋದರು. ಪೆಟ್ಟಾಯಿತೇ? ಆಯಿತು. ಇಷ್ಟನ್ನೇ ಬರೆ, ಕಥೆ ಬೇಡ ಎಂದರು.

ಬರೆದೆ. ಅರ್ಧ ಪುಟ. ದಾರಿಯಲ್ಲಿ ಕೆಲವು ಕೆಲಸದವರನ್ನು ಹತ್ತಿಸಿಕೊಳ್ಳುವ ಸಲುವಾಗಿ ಎಂದು ಒಂದು ಸಾಲು ಹಾಕಿದೆ. ಕಂಬದ ವಿಷಯ ಬರೆಯಲಿಲ್ಲ, ಯಾರೂ ಕೇಳಿರಲಿಲ್ಲ. ನನ್ನ ಗಂಡನಿಗೆ ತೋರಿಸಿದಾಗ, ನಿಜವನ್ನೇ ಬರೆದಿದ್ದೀಯಲ್ಲ ಎಂದರು. ನನಗೆ ಹೆದರಿಕೆ ಇತ್ತು ಎಂದು ಈಗ ಹೇಳಬಹುದಿತ್ತು. ಹೆದರಲು ಕಾರಣವಿರಲಿಲ್ಲ. ನನ್ನ ವೀಸಾ ಗಂಡನ ಮೇಲಿತ್ತು. ಕೆಲಸ ಹೋದರೆ ಮನೆಯಲ್ಲಿ ಕೂರುತ್ತಿದ್ದೆ, ಅಷ್ಟೇ. ಅಣ್ಣನ ವೀಸಾ ಕಂಪನಿಯ ಮೇಲಿತ್ತು. ಅದೂ ನನಗೆ ಗೊತ್ತಿತ್ತು.

ಆ ತಿಂಗಳಲ್ಲೇ ಅವರ ವೀಸಾ ಕ್ಯಾನ್ಸಲ್ ಆಯಿತು. ಕೊನೆಯ ದಿನ ಜೀಪಿನ ಕೀಲಿ, ಗುರುತಿನ ಕಾರ್ಡು ಕೊಡಲು ಆಫೀಸಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಮ್ಯಾನೇಜರ್ ಹೊರಗೆ ಹೋಗಿದ್ದರು. ಹೊತ್ತು ನೋಡಿಕೊಂಡೇ ಹೋಗಿದ್ದರೇನೋ... ಅಣ್ಣ ನನ್ನ ಮೇಜಿನ ಎದುರಿನ ಕುರ್ಚಿಯಲ್ಲಿ ಕೂತರು.

"ತಂಗಿ, ನೀವು ಬರ್ದದ್ದು ಉಂಟಲ್ಲ, ಅದನ್ನು ಒಮ್ಮೆ ಓದಿ ಹೇಳಿ."

ಪ್ರತಿ ತೆಗೆದು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಟಿಕೆಟಿನ ವಿವರ ಓದುವ ಹಾಗೆ ಓದಿದೆ. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿದರು.

"ಸುಳ್ಳು ಎಂತದೂ ಇಲ್ಲ," ಎಂದರು. "ಆ ಅಮ್ಮನ ಕೈ ಮುರ್ದದ್ದು ನನ್ನಿಂದಲೇ. ಅದಕ್ಕೆ ನಾನು ಇಲ್ಲ ಹೇಳುದಿಲ್ಲ. ಆದ್ರೆ ಒಂದು ಕಡೆ ಕೆಲವು ಕೆಲಸದವರು ಅಂತ ಉಂಟಲ್ಲ... ಎಂಟು ಜನ. ಎಂಟು ಅಂತ ಬರೀರಿ."

"ಬರೀತೀನಿ ಅಣ್ಣ," ಎಂದೆ.

ಆ ಪತ್ರ ಹೋಟೆಲಿಗೂ ಆ ಮಗನಿಗೂ ಹೋಗಿ ಎರಡು ವಾರವಾಗಿತ್ತು. ಅದನ್ನು ನಾನು ಹೇಳಲಿಲ್ಲ. ಅವರು ಎದ್ದು, ಗೋಡೆಯ ಮೇಲಿನ ನಿಯಮದ ಹಾಳೆಯನ್ನು ಒಮ್ಮೆ ನೋಡಿ, ಬರ್ತೇನೆ ಎಂದು ಹೇಳಿ ಹೋದರು. ಮೆಟ್ಟಿಲಿಳಿಯುವ ಸದ್ದು ಕೇಳುತ್ತಿತ್ತು. ಅಷ್ಟರಲ್ಲಿ ಫೋನು ಬಂತು. ಎತ್ತಿಕೊಂಡೆ.

ಗಾಳಿ ತೋರಿಸುವ ಪ್ರವಾಸ ಮುಂದಿನ ವರ್ಷವೂ ನಡೆಯಿತು. ಹೊಸ ಡ್ರೈವರ್ ಚುರುಕಿನವನು, ಇವತ್ತು ಬೇಡ ಎಂದು ಒಮ್ಮೆಯೂ ಹೇಳಲಿಲ್ಲ. ಗೋಡೆಗೆ ತೀರ ಹತ್ತಿರ ಹೋಗುತ್ತಿದ್ದ. ಅತಿಥಿಗಳು ಅವನನ್ನು ಹೊಗಳಿ ಬರೆಯುತ್ತಿದ್ದರು. ಒಂದು ದಿನ ಧೂಳಿನಲ್ಲಿ ರಸ್ತೆಯ ಅಂಚಿಗೆ ನಿಲ್ಲಿಸಿ, ಕಾಣಲಿ ಎಂದು ಹಿಂದಿನ ದೀಪಗಳನ್ನು ಉರಿಸಿಯೇ ಇಟ್ಟ. ಹಿಂದಿನಿಂದ ಬಂದ ಕಾರು ನೇರ ಬಂದು ಗುದ್ದಿತು. ಸಾಯಲಿಲ್ಲ ಯಾರೂ. ಆದರೆ ಒಬ್ಬರು ಬಹಳ ದಿನ ಆಸ್ಪತ್ರೆಯಲ್ಲಿದ್ದರು. ಆಮೇಲೆ ಆ ಪುಟವನ್ನು ತೆಗೆದುಹಾಕಲು ಮ್ಯಾನೇಜರ್ ಹೇಳಿದರು. ಅಳಿಸಿದ್ದೂ ನಾನೇ. ಒಂದು ಗುಂಡಿ ಒತ್ತಿದೆ, ಹೋಯಿತು.

ಎರಡು ಸಾವಿರದ ಹದಿನಾರರ ಹೊತ್ತಿಗೆ ನಾವು ದಾವಣಗೆರೆಗೆ ವಾಪಸು ಬಂದೆವು. ಅಣ್ಣ ಊರಿನಲ್ಲಿ ಶಾಲೆಯ ವ್ಯಾನು ಓಡಿಸುತ್ತಿದ್ದಾರೆಂದು ಹಳೆಯ ಡ್ರೈವರೊಬ್ಬರು ಒಮ್ಮೆ ಹೇಳಿದ್ದರು. ಫೋನ್ ನಂಬರು ಕೂಡ ಕೊಟ್ಟಿದ್ದರು. ಮಾಡೋಣ, ಮಾಡೋಣ ಎಂದು ನಾಲ್ಕು ವರ್ಷ ಹೋಯಿತು. ಕೊನೆಗೆ ಅದೇ ಡ್ರೈವರ್, ಬೇರೇನೋ ಮಾತಾಡುತ್ತ, ಅವರು ತೀರಿಕೊಂಡು ವರ್ಷದ ಮೇಲಾಯಿತಲ್ಲ, ನಿಮಗೆ ಗೊತ್ತಿಲ್ಲವಾ ಎಂದರು. ಹೃದಯದ ತೊಂದರೆಯಂತೆ. ನಾನು ಓಹ್ ಎಂದೆ. ಒಲೆಯ ಮೇಲೆ ಹಾಲಿತ್ತು, ಹೋಗಿ ಆರಿಸಿದೆ.

ಹೋದ ವರ್ಷ ಉಡುಪಿಗೆ ಹೋದಾಗ, ಗಂಡನನ್ನೂ ಮಗಳನ್ನೂ ಅಲ್ಲೇ ಬಿಟ್ಟು, ನಾನೊಬ್ಬಳೇ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಅವರ ಹೆಂಡತಿ ಇದ್ದರು, ಮದುವೆಯಾದ ಮಗಳೂ ಬಂದಿದ್ದಳು. ಬಹ್ರೇನಿನಲ್ಲಿ ಅವರ ಆಫೀಸಿನಲ್ಲಿದ್ದೆ ಎಂದೆ. ಕುರ್ಚಿ ಹಾಕಿದರು, ಷರಬತ್ತು ಕೊಟ್ಟರು.

"ಅಲ್ಲಿಂದ ಯಾಕೆ ಬಂದದ್ದು ಅಂತ ಒಮ್ಮೆಯೂ ಹೇಳ್ಲಿಲ್ಲ ಅವರು," ಎಂದರು ಆಕೆ. "ಸಾಕಾಯ್ತು ಅಂದ್ರು, ಅಷ್ಟೇ. ಸಾಕಾಗುವ ಜನ ಅಲ್ಲ. ನಿಮ್ಗೆ ಗೊತ್ತುಂಟಾ?"

ಹೇಳಿದೆ. ಬಯಲು, ಗೋಡೆ, ಎಂಟು ಜನ, ಕಾಲುವೆಯಲ್ಲಿ ಬಿದ್ದಿದ್ದ ಕಂಬ, ಎಲ್ಲ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆಕೆಯ ಮುಖ ಅರಳಿತ್ತು, ಮಗಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆದರೆ ನಾನು ಮುಂದೆ ಹೇಳಿದೆ. ಅರ್ಧ ಪುಟದ ವಿಷಯ, ನನ್ನ ಸಹಿ, ಅವರು ಎದುರಿಗೆ ಕೂತು ಓದಿಸಿ ಕೇಳಿದ್ದು, ಪತ್ರ ಅದಾಗಲೇ ಹೋಗಿದ್ದದ್ದು.

ಆಕೆ ಷರಬತ್ತಿನ ಲೋಟವನ್ನು ಬದಿಗೆ ಸರಿಸಿದರು. "ನೀವು ದಾವಣಗೆರೆಯವರಾ?" ಎಂದರು.

ಹೌದು ಎಂದೆ.

"ಆಫೀಸಲ್ಲಿ ಒಂದು ದಾವಣಗೆರೆ ಹುಡುಗಿ ಉಂಟು, ಇಂಗ್ಲಿಷ್ ಚಂದ ಬರೀತದೆ ಅಂತ ಹೇಳ್ತಿದ್ರು. ಇಲ್ಲಿ ಬಂದ ಮೇಲೂ ಹೇಳ್ತಿದ್ರು."

ಎದ್ದು ಒಳಗೆ ಹೋದರು. ಬರುತ್ತಾರೇನೋ ಎಂದು ಕಾದೆ. ಬರಲಿಲ್ಲ. ಮಗಳು ಗೇಟಿನವರೆಗೆ ಬಂದು, "ನಾಲ್ಕೂಕಾಲಿಗೆ ಒಂದು ಬಸ್ಸುಂಟು," ಎಂದಳು. ಗೇಟು ಹಾಕುವಾಗ ಸದ್ದಾಗದ ಹಾಗೆ ಹಾಕಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಳು ಬರುತ್ತದೆಂದು ಕಾದೆ... ಅದೂ ಬರಲಿಲ್ಲ. ಹಗುರಾಗುತ್ತದೆ ಎಂದುಕೊಂಡು ಹೋಗಿದ್ದೆನೋ ಏನೋ. ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ನಾನು ಅವರ ಮನೆಗೆ ಒಂದು ದುಃಖವನ್ನು ಹೊಸದಾಗಿ ಕೊಟ್ಟು ಬಂದಿದ್ದೆ, ಅಷ್ಟೇ.

ಮೊನ್ನೆ ರಾತ್ರಿಯ ಊಟಕ್ಕೆ ಮೊದಲು ಮಗಳು ತನ್ನ ಫೋನು ತಂದು ನನ್ನ ಮುಖದ ಮುಂದೆ ಹಿಡಿದಳು. ಯಾವುದೋ ದೇಶದಲ್ಲಿ ಬಿರುಗಾಳಿಯ ಬೆನ್ನು ಹತ್ತಿದವರು ತೆಗೆದ ವಿಡಿಯೋ. "ಅಮ್ಮಾ, ಎಷ್ಟ್ ಚೆನ್ನಾಗಿದೆ ನೋಡು!" ಚೆನ್ನಾಗಿಯೇ ಇತ್ತು. ಆಕಾಶದಿಂದ ನೆಲದವರೆಗೆ ಇಳಿದ ಬೂದು ಬಣ್ಣದ ಮೋಡ, ಅದರ ಸ್ವಲ್ಪ ಮುಂದೆ ಒಂದು ಹೊಲ, ಹೊಲದ ಅಂಚಿನಲ್ಲಿ ಕಪ್ಪಗೆ ಏನೋ ಒಂದಷ್ಟು ಚುಕ್ಕೆಗಳು. ಇನ್ನೊಂದು ಸಲ ಹಾಕು ಎಂದೆ. ಕನ್ನಡಕ ಹಾಕಿಕೊಂಡು, ಮೂರು ಸಲ ನೋಡಿದೆ. ಅವು ಮರಗಳೋ, ದನಗಳೋ, ಜನರೋ ಎಂದು ಅಣ್ಣ ಇದ್ದಿದ್ದರೆ ಒಮ್ಮೆ ನೋಡಿ ಹೇಳಿಬಿಡುತ್ತಿದ್ದರು. ನನಗೆ ಗೊತ್ತಾಗಲಿಲ್ಲ. ಏನಮ್ಮಾ ಅಷ್ಟು ನೋಡ್ತಿದ್ದೀಯ ಎಂದು ಕೇಳಿ, ಮಗಳು ಫೋನು ತೆಗೆದುಕೊಂಡು ಹೋದಳು.